ಮಲತಾಯಿಗೊಂದು ಟಿಕೆಟ್

ನಮ್ಮ ಊರಿನಲ್ಲಿ ಕಥೆಯವರಿಗೂ ರೇಷನ್ ಕಾರ್ಡ್ ಇದೆ. ತಂದೆಯ ಹೆಸರು ಬರೆಯುವ ಜಾಗದಲ್ಲಿ ಕಥೆಯ ಹೆಸರು ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ನನ್ನ ಕಾರ್ಡಿನಲ್ಲಿ ‘ಚೆನ್ನಾಜಿ, ಹಗೇವಿನ ಕಥೆ’ ಎಂದಿದೆ. ಹೊಸದಾಗಿ ಬಂದ ಗುಮಾಸ್ತರು ಒಮ್ಮೆ ತಲೆಯೆತ್ತಿ, “ಓ, ಆ ಹುಡುಗಿ ನೀವೇನಾ? ಇಷ್ಟು ವಯಸ್ಸಾಗಿದೆಯಾ!” ಎಂದು ಬಾಯಿ ಬಿಟ್ಟುಕೊಂಡು ನೋಡಿದರು. ವಯಸ್ಸಾಗದೆ ಏನು? ಅಜ್ಜಿಯರು ಅಲ್ಲಿಗೆ ಕಥೆ ಮುಗೀತು ಎಂದು ದೀಪ ಆರಿಸಿ ಮಲಗಿಬಿಡುತ್ತಾರೆ. ಮಾರನೆಯ ದಿನ ಎದ್ದು ಒಲೆ ಹಚ್ಚಬೇಕಾದವರು ನಾವು.

ಕಥೆ ಕೇಳದವರಿಗಾಗಿ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಒಬ್ಬ ಬಳೆಗಾರ. ಅವನಿಗೆ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳು. ಮನೆಗೊಬ್ಬಳು ಮಲತಾಯಿ ಬಂದಳು. ಸೌಟು ಕಾಯಿಸಿ ಮಕ್ಕಳ ಕೈಗೆ ಬರೆ ಇಟ್ಟಳು. ಬಳೆಗಾರ ದೂರದೂರಿಗೆ ಹೋದಾಗ, ತಳದ ರಾಗಿ ಬಳಿದು ತನ್ನಿ ಎಂದು ಇಬ್ಬರನ್ನೂ ಹಗೇವಿಗೆ ಇಳಿಸಿ ಮೇಲೆ ಚಪ್ಪಡಿ ಎಳೆದಳು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಒಂದು ಕೋಣೆಯಷ್ಟು. ಮುಚ್ಚಿಟ್ಟರೆ ಒಳಗಿನ ಗಾಳಿ ಕೆಡುತ್ತದೆ. ಮೂರನೆಯ ದಿನ ಹೆಗ್ಗಣಗಳು ಬಿಲ ಕೊರೆದವು. ಅಕ್ಕ ತೆವಳಿಕೊಂಡು ಹೊರಗೆ ಬಂದಳು. ತಂಗಿ ಸತ್ತಿದ್ದಳು. ಊರಿನವರು ಮಲತಾಯಿಯನ್ನು ಹೊರಗೆ ಹಾಕಿದರು, ಅವಳಿಗೆ ಯಾರೂ ಒಂದು ಗುಟುಕು ನೀರೂ ಕೊಡಲಿಲ್ಲ. ಅಲ್ಲಿಗೆ ಮುಗಿಯಿತು.

ತಂಗಿ ಸತ್ತಿದ್ದಳು. ಕಥೆಯಲ್ಲಿ ಅವಳ ಪಾಲಿಗೆ ಬಂದದ್ದು ಅಷ್ಟೇ. ಅವಳ ಹೆಸರು ಹೊನ್ನಿ ಎಂದು ಕಥೆ ಹೇಳುವವರಿಗೆ ಗೊತ್ತಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅದಕ್ಕೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು ಎಂದು ಗೊತ್ತಿಲ್ಲ. ಬೆಲ್ಲದ ಚೂರು ಕೊಟ್ಟರೆ ಅರ್ಧ ತಿಂದು ಉಳಿದದ್ದನ್ನು ಲಂಗದ ಅಂಚಿಗೆ ಗಂಟು ಹಾಕಿ, ಇರುವೆ ಮುತ್ತಿಸಿಕೊಂಡು, ಆಮೇಲೆ ಇರುವೆಗಳನ್ನೇ ಬೈಯುತ್ತಿದ್ದಳು ಎಂದೂ ಗೊತ್ತಿಲ್ಲ. ಇದೆಲ್ಲ ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಅಪ್ಪ ಬಳೆ ಹೊತ್ತು ಹೋದವನು ಕಥೆಯಲ್ಲಿ ವಾಪಸ್ಸು ಬರುವುದೇ ಇಲ್ಲ. ಹಾಗಾಗಿ ಒಬ್ಬಳು ನಾನು. ಇನ್ನೊಬ್ಬಳು ಅವಳನ್ನು ಕೊಂದವಳು.

ಅವಳನ್ನು ನಾನು ಚಿಕ್ಕವ್ವ ಎನ್ನುತ್ತಿದ್ದೆ. ಬೇರೆ ಏನೆನ್ನಲಿ? ಕಥೆ ಅವಳಿಗೆ ಹೆಸರಿಟ್ಟಿರಲಿಲ್ಲ. ಕಾರ್ಡಿನಲ್ಲೂ ‘ಮಲತಾಯಿ’ ಎಂದೇ ಇತ್ತು. ಊರಿನ ಕೊನೆಯ ಓಣಿಯಲ್ಲಿ ಒಂದು ಅಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ದಿನಾ ಬೆಳಿಗ್ಗೆ ಸೌಟು ಕೆಂಪಗೆ ಕಾಯಿಸುತ್ತಿದ್ದಳು. ಬರೆ ಹಾಕಲು ಮಕ್ಕಳಿಲ್ಲವಲ್ಲ, ಅದನ್ನು ಗೋಡೆಗೆ ಒತ್ತುತ್ತಿದ್ದಳು. ತಾನೇ ಬೇಡವೆಂದರೂ ಅವಳ ಕೈ ಕೇಳುತ್ತಿರಲಿಲ್ಲ. ಗೋಡೆ ಸೊಂಟದೆತ್ತರದವರೆಗೆ ಕಪ್ಪು ಗೆರೆಗಳಿಂದ ತುಂಬಿಹೋಗಿತ್ತು, ಮಕ್ಕಳ ಕೈ ಎಷ್ಟೆತ್ತರಕ್ಕೆ ಸಿಗುತ್ತದೋ ಅಷ್ಟೆತ್ತರಕ್ಕೆ.

ನಾನು ಊರ ನಡುವೆ ರಾಗಿ ಬೀಸುವ ಗಿರಣಿ ಇಟ್ಟುಕೊಂಡಿದ್ದೇನೆ. ಹಗೇವಿನಿಂದ ಬಂದವಳು ರಾಗಿಯ ಸಹವಾಸವನ್ನೇ ಹಿಡಿದಿದ್ದಾಳೆ ಎಂದು ಜನ ನಗುತ್ತಾರೆ. ನಗಲಿ. ಮಧ್ಯಾಹ್ನ ಗಿರಣಿ ನಿಲ್ಲಿಸಿ ಒಂದು ಮುದ್ದೆ, ಸ್ವಲ್ಪ ಸಾರು ಡಬ್ಬಿಗೆ ಹಾಕಿಕೊಂಡು ಆ ಓಣಿಗೆ ಹೋಗುತ್ತಿದ್ದೆ. ಚಿಕ್ಕವ್ವ ಮೊದಲ ತುತ್ತು ಬೀದಿಗೆ ಎಸೆದು, “ಥೂ, ಉಪ್ಪಿಲ್ಲ, ಹುಳಿಯಿಲ್ಲ, ನಿನ್ ಕೈ ಸೇದೋಗ” ಎಂದು ಶುರು ಮಾಡಿ ಉಳಿದದ್ದನ್ನೆಲ್ಲ ಉಣ್ಣುತ್ತಿದ್ದಳು. ಇಪ್ಪತ್ತಾರು ವರ್ಷ ಇದೇ ಆಯಿತು.

ಯಾಕೆ ಹೋಗುತ್ತೀಯ ಎಂದು ಕೇಳದವರಿಲ್ಲ. ನಾನು ಪುಣ್ಯವಂತೆ ಎಂದು ಹೊಗಳಿದವರೂ ಇದ್ದಾರೆ. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಹಗೇವಿನಲ್ಲಿ ಮೊದಲು ಪ್ರಜ್ಞೆ ತಪ್ಪಿದ್ದು ನನಗೆ. ಎದ್ದಾಗ ಬಿಲದಿಂದ ಬೆಳಕು ಬರುತ್ತಿತ್ತು, ಹೊನ್ನಿ ತಣ್ಣಗಾಗಿದ್ದಳು. ನಡುವೆ ಎಷ್ಟು ಹೊತ್ತು ಆ ಮಗು ಒಬ್ಬಳೇ ಕತ್ತಲಲ್ಲಿ ಇದ್ದಳೋ, ಏನು ಕೂಗಿದಳೋ, ನನ್ನನ್ನು ಎಬ್ಬಿಸಿ ಎಬ್ಬಿಸಿ ಸಾಕಾಗಿ ಬೈದಳೋ, ನನಗೆ ತಿಳಿಯದು. ಆದರೆ ಚಿಕ್ಕವ್ವ ಇಡೀ ಹೊತ್ತು ಚಪ್ಪಡಿಯ ಮೇಲೆ ಕೂತಿದ್ದಳು ಎಂದು ಊರಿನವರು ಹೇಳಿದ್ದರು. ಅವಳಿಗೆ ಕೇಳಿಸಿರಲೇಬೇಕು. ಅದೊಂದನ್ನು ಅವಳ ಬಾಯಿಂದ ಹೊರಡಿಸಬೇಕೆಂದೇ ನಾನು ಇಪ್ಪತ್ತಾರು ವರ್ಷ ಡಬ್ಬಿ ಹೊತ್ತದ್ದು. ಡಬ್ಬಿ ತೊಳೆಯುವಾಗ ದಿನಾ ಕೇಳುತ್ತಿದ್ದೆ, “ಹೊನ್ನಿ ಏನಂದ್ಲು ಚಿಕ್ಕವ್ವ?” ಅವಳು ದಿನಾ ಬಾಯಿ ಮುಕ್ಕಳಿಸಿ ಉಗುಳಿ ಒಳಗೆ ಹೋಗುತ್ತಿದ್ದಳು.

ಇನ್ನು ಟಾಕೀಸಿನ ವಿಷಯ. ಕಥೆಯವರು ತಮ್ಮ ಕಥೆಯ ಪಿಚ್ಚರನ್ನು ನಮ್ಮೂರ ಟಾಕೀಸಿನಲ್ಲಿ ಕೂತು ನೋಡಿದರೆ ಹೊರಗೆ ಬರುವಾಗ ಪಿಚ್ಚರಿನವರಾಗಿ ಬರುತ್ತಾರೆ. ಪಿಚ್ಚರಿನಲ್ಲಿ ಇದ್ದದ್ದು ಅವರಿಗೆ ನಡೆದದ್ದಾಗುತ್ತದೆ. ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ. ನೋಡದೆ ಉಳಿದವರು ಇದ್ದ ಹಾಗೇ ಇರುತ್ತಾರೆ. ಮೊದಲು ಯಾರು ಬೇಕಾದರೂ ಹೋಗಬಹುದಿತ್ತು. ಮ್ಯಾಟಿನಿಗೆ ಹೋದ ಗಂಡ ಸಂಜೆ ಬಂದು ಹೆಂಡತಿಗೆ “ತಾವು ಯಾರು ತಾಯೀ?” ಎಂದ ಪ್ರಸಂಗ ಒಂದೆರಡು ಆದ ಮೇಲೆ ಊರಿನವರು ಸೇರಿ ಒಂದು ಕಟ್ಟಳೆ ಮಾಡಿದರು. ಕಥೆಯವರು ತಮ್ಮ ಕಥೆಯ ಪಿಚ್ಚರಿಗೆ ತಾವೇ ಟಿಕೆಟ್ ತೆಗೆದುಕೊಂಡು ಹೋಗುವಂತಿಲ್ಲ. ಅದೇ ಕಥೆಯ ಇನ್ನೊಬ್ಬರು ಬಾಗಿಲ ತನಕ ಬಂದು ಕೈಯಾರೆ ಕೊಡಬೇಕು. ಗೇಟಿನಲ್ಲಿ ನಿಲ್ಲುವ ಸಿದ್ದಲಿಂಗಪ್ಪ ಟಿಕೆಟ್ ಹರಿಯುವ ಮೊದಲು, “ಯಾರ ಕೈಯಿಂದ?” ಎಂದು ಕೇಳುತ್ತಾನೆ. ಕೊಟ್ಟವರು “ನನ್ನ ಕೈಯಿಂದ” ಎನ್ನಬೇಕು. ಅನ್ನದಿದ್ದರೆ ಒಳಗೆ ಬಿಡುವುದಿಲ್ಲ.

ಈಗಿನ ಪಿಚ್ಚರಿನವರಿಗೆ ಹಳೆಯ ಕಥೆಗಳ ಮೇಲೆ ಏನೋ ಮಮತೆ. ಹಾಗೆಂದು ಇದ್ದ ಹಾಗೆ ತೆಗೆಯುವುದಿಲ್ಲ. ಕೆಟ್ಟವರೆಲ್ಲ ಯಾಕೆ ಕೆಟ್ಟರು ಎಂದು ಹುಡುಕುತ್ತಾರೆ. ನಮ್ಮ ಬೀದಿಯ ರಾಕ್ಷಸಿ ಹೀಗೇ ಒಂದು ಪಿಚ್ಚರ್ ನೋಡಿ ಬಂದು ಬಾಲವಾಡಿ ತೆರೆದಳು. ಎರಡು ತಿಂಗಳು ಯಾರೂ ಮಕ್ಕಳನ್ನು ಕಳಿಸಲಿಲ್ಲ, ಈಗ ಸೀಟು ಸಿಗುವುದಿಲ್ಲ. ಅವಳ ಜೀವ ಇಟ್ಟಿದ್ದ ಗಿಳಿಯೊಂದಿತ್ತು. ಪಿಚ್ಚರಿನಲ್ಲಿ ಗಿಳಿ ಇರಲಿಲ್ಲ. ಯಾರದೋ ಗಿಳಿ ನಮ್ಮ ಮನೆಗೆ ಬಂದು ಕೂತಿದೆ ಎಂದು ಅವಳು ಅದನ್ನು ಹಾರಿಸಿಬಿಟ್ಟಳು. ಅದು ಮೂರು ದಿನ ಕಿಟಕಿಯ ಸರಳಿಗೆ ಜೋತುಬಿದ್ದು ಅವಳ ಹೆಸರು ಕೂಗುತ್ತಿತ್ತು, ಆಮೇಲೆ ಕಾಣಲಿಲ್ಲ.

ಹೋದ ವರ್ಷ ಶುಕ್ರವಾರವೊಂದರಲ್ಲಿ ಟಾಕೀಸಿನ ಗೋಡೆಗೆ ಹಗೇವಿನ ಕಥೆಯ ಪೋಸ್ಟರ್ ಅಂಟಿಸಿದರು. ಚಪ್ಪಡಿ ತಬ್ಬಿಕೊಂಡು ಅಳುತ್ತಿರುವ ಒಬ್ಬ ಹೆಂಗಸು, ಕೈ ಬೆರಳುಗಳಲ್ಲಿ ರಕ್ತ. ನಾನು ಗಿರಣಿಗೆ ಹೋಗುತ್ತಿದ್ದವಳು ನಿಂತು ನೋಡಿದೆ. ಯಾರೀಕೆ ಎಂದು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅದು ನಮ್ಮ ಚಿಕ್ಕವ್ವ.

ಪಿಚ್ಚರಿನ ಕಥೆಯನ್ನು ನನಗೆ ಹೇಳಿದವಳು ಎದುರು ಮನೆಯ ಪದ್ಮಗಂಧಿ. ಅವಳೂ ಕಥೆಯವಳೇ, ರಾಜಕುಮಾರಿ. ಹಳೆಯ ಕಥೆಯಲ್ಲಿ ಏಳು ಸುತ್ತಿನ ಕೋಟೆಯೊಳಗೆ ಕೂತು ಗಂಡನಿಗಾಗಿ ಹನ್ನೆರಡು ವರ್ಷ ಕಾದವಳು. ಪಿಚ್ಚರಿನಲ್ಲಿ ಕತ್ತಿ ಹಿಡಿದು ತಾನೇ ಕೋಟೆ ಒಡೆದು ಬಂದಳಂತೆ. ಅದನ್ನು ನೋಡಿ ಬಂದಾಗಿನಿಂದ ಮೋಟಾರ್ ಬೈಕು ಓಡಿಸುತ್ತಾಳೆ, ಗಟ್ಟಿಯಾಗಿ ಮಾತಾಡುತ್ತಾಳೆ.

“ಒಳ್ಳೇ ಪಿಚ್ಚರ್ ಕಣ್ರೀ ಚೆನ್ನಾಜಿ. ನಾನು ಕರ್ಚೀಫ್ ಹಿಂಡಿ ಹಿಂಡಿ ಇಟ್ಟೆ” ಎಂದಳು. “ನಿಮ್ಮ ಚಿಕ್ಕಮ್ಮನದು ಏನೂ ತಪ್ಪಿಲ್ಲ ಪಾಪ. ಊರಿಗೆ ದರೋಡೆಕೋರರು ಬರ್ತಾರೆ. ಮಗು ಅವರ ಕೈಗೆ ಸಿಗಬಾರದು ಅಂತ ಹಗೇವಲ್ಲಿ ಬಚ್ಚಿಡ್ತಾಳೆ. ಅವರು ಹೋದ ಮೇಲೆ ಚಪ್ಪಡಿ ತೆಗೆಯೋಕೆ ಒಬ್ಬಳ ಕೈಲಿ ಆಗಲ್ಲ. ಉಗುರು ಕಿತ್ತು ಬರೋ ಹಾಗೆ ಎಳೀತಾಳೆ ರೀ! ಕೊನೆಗೆ ತೆಗೆದು ಮಗೂನ ಎದೆಗೆ ಒತ್ತಿಕೊಂಡಾಗ ಇಡೀ ಟಾಕೀಸು ಎದ್ದು ನಿಂತಿತ್ತು.”

“ಮಗೂನ?” ಎಂದೆ. “ಮಕ್ಕಳನ್ನ ಅಲ್ವಾ?”

ಪದ್ಮಗಂಧಿ ಯೋಚಿಸಿದಳು. “ಇಲ್ಲ, ಒಂದೇ ಮಗು. ಚೆನ್ನಿ ಅಂತ. ನೀವೇ.”

ಪಿಚ್ಚರಿನಲ್ಲಿ ಹೊನ್ನಿ ಇಲ್ಲ. ಎರಡು ಮಕ್ಕಳಿದ್ದರೆ ಒಂದು ಸಾಯಬೇಕಾಗುತ್ತದೆ, ಮಗು ಸತ್ತರೆ ನೋಡುವವರು ಅವಳನ್ನು ಕ್ಷಮಿಸುವುದಿಲ್ಲ. ಅದಕ್ಕೇ ಬಿಟ್ಟಿದ್ದಾರೆ. ಪಿಚ್ಚರ್ ಮಾಡುವವರಿಗೆ ಅಷ್ಟು ತಿಳಿಯದೇ ಇರುತ್ತದೆಯೇ?

ಅವತ್ತು ಮಧ್ಯಾಹ್ನ ಚಿಕ್ಕವ್ವ ಮೊದಲ ತುತ್ತನ್ನು ಎಸೆಯಲಿಲ್ಲ. ಎಸೆಯಲು ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಬಾಯಿಗೆ ಹಾಕಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ನಾನು ಕಾಣದ್ದು ಅದು.

“ಪಿಚ್ಚರ್ ಬಂದದಂತೆ” ಎಂದಳು.

“ಬಂದದೆ.”

“ಅದ್ರಲ್ಲಿ ನಂಗೆ ಹೆಸರಿಟ್ಟವ್ರಂತೆ ಕಣೆ. ವಾರಿಜ ಅಂತ.” ಆ ಹೆಸರನ್ನು ಅವಳು ಮೆಲ್ಲಗೆ, ಯಾರಾದರೂ ಕಿತ್ತುಕೊಂಡಾರು ಎನ್ನುವಂತೆ ಹೇಳಿದಳು. “ನಂಗೊಂದು ಟಿಕೆಟ್ ಕೊಡು ಚೆನ್ನಿ.”

ನಾನು ಡಬ್ಬಿಯನ್ನು ಹಾಗೇ ಬಿಟ್ಟು ಎದ್ದು ಬಂದೆ. ಕೊಡುವುದಂತೆ! ಅವಳು ಒಳಗೆ ಹೋಗಿ ಮೂರು ಗಂಟೆ ಕೂತು ವಾರಿಜಳಾಗಿ ಹೊರಗೆ ಬರುತ್ತಾಳೆ, ಹೊನ್ನಿ ಇದ್ದದ್ದೇ ಇಲ್ಲವಾಗುತ್ತದೆ. ಹೊನ್ನಿಯ ಕೊನೆಯ ಮಾತು ಇರುವ ಒಂದೇ ಒಂದು ಜಾಗ ಆ ಮುದುಕಿಯ ನೆನಪು. ಅದನ್ನು ನಾನು ನನ್ನ ಕೈಯಾರೆ ಒರೆಸಿಹಾಕಬೇಕೇ? ನಮ್ಮ ಕಥೆಯಲ್ಲಿ ಉಳಿದವಳು ನಾನೊಬ್ಬಳೇ. ನಾನು ಕೊಡದಿದ್ದರೆ ಅವಳಿಗೆ ಟಿಕೆಟ್ ಕೊಡುವವರು ಯಾರೂ ಇಲ್ಲ. ನನಗೆ ಅದರಿಂದ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ಮೇಲಿನ ದಿನಗಳಲ್ಲಿ ಊರೇ ನನ್ನ ಹಿಂದೆ ಬಿತ್ತು. ಹಿಟ್ಟು ಬೀಸಿಸಲು ಬಂದವರೆಲ್ಲ ಪಿಚ್ಚರ್ ನೋಡಿ ಬಂದವರೇ. “ಪಾಪ, ಆ ಮುದುಕಿಗೊಂದು ಟಿಕೆಟ್ ಕೊಡಬಾರದಾ ಅಕ್ಕ?” ಎಂದರು. ನಿನ್ನೆಯವರೆಗೆ ಅವಳ ಓಣಿಯ ಮುಂದೆ ಉಗುಳಿ ಹೋಗುತ್ತಿದ್ದವರು ಇವರೇ. ನಾನು ಹಿಟ್ಟಿನ ಚೀಲ ಕುಟ್ಟಿ ಕುಟ್ಟಿ ತುಂಬಿದೆ. ನನ್ನದೇ ಕಲ್ಲು ಮನಸ್ಸು ಎಂದು ಹಿಂದಿನಿಂದ ಆಡಿಕೊಂಡರಂತೆ.

ಪದ್ಮಗಂಧಿಯ ಗಂಡ ಮಣಿಶೇಖರ ಮಾತ್ರ ಹಾಗೆ ಹೇಳಲಿಲ್ಲ. ಅವನು ಹಳೆಯ ಕಥೆಯ ರಾಜಕುಮಾರನಾಗಿಯೇ ಉಳಿದವನು, ಪಿಚ್ಚರ್ ನೋಡಿಲ್ಲ. ಹೆಂಡತಿಗೆ ಟಿಕೆಟ್ ಕೊಟ್ಟವನು ಅವನೇ. ರಾಗಿ ಹಿಡಿದುಕೊಂಡು ಬಂದವನು ಗಿರಣಿ ನಿಂತ ಮೇಲೂ ಕೂತೇ ಇದ್ದ.

“ಕೊಟ್ಟಿದ್ದಕ್ಕೆ ಹೊಟ್ಟೆ ಉರಿಯಲ್ವಾ?” ಎಂದು ನಾನೇ ಕೇಳಿದೆ.

“ಉರೀತದೆ” ಎಂದ. “ಹನ್ನೆರಡು ವರ್ಷ ನಂಗೋಸ್ಕರ ಕಾದವಳು ಕಣಕ್ಕಾ. ಕೋಟೆ ಗೋಡೆ ಮೇಲೆ ದಿನಕ್ಕೊಂದು ಗೆರೆ ಎಳೆದಿದ್ಲು. ಈಗ ಕೇಳಿದ್ರೆ, ನಾನ್ಯಾಕ್ರೀ ಕಾಯ್ಲಿ, ನಂಗೇನು ಕಾಲಿರಲಿಲ್ವಾ ಅಂತ ನಗ್ತಾಳೆ. ನಾನು ಬಂದ ದಿವ್ಸ ಅವಳು ಅತ್ತಿದ್ದು ಈಗ ನಂಗೊಬ್ಬನಿಗೇ ಗೊತ್ತಿರೋದು. ನಾನೇ ಮರೆತುಬಿಟ್ರೆ?”

“ಮತ್ಯಾಕೆ ಕೊಟ್ಟೆ?”

“ನಿದ್ದೇಲಿ ಬೆಚ್ಚಿಬೀಳೋಳು. ಬಾಗಿಲು ಹಾಕಿದ್ರೆ ಕಿರುಚೋಳು. ಈಗ ಆರಾಮಾಗಿ ನಿದ್ದೆ ಮಾಡ್ತಾಳೆ.” ಅವನು ಚೀಲ ಹೆಗಲಿಗೇರಿಸಿದ. “ನಿಂಗೆ ಕೊಡು ಅಂತ ಹೇಳಾಕೆ ಬಂದಿಲ್ಲ ಕಣಕ್ಕಾ. ಕೊಟ್ರೆ ನೋವು ಅವರದು ಹೋಯ್ತದೆ, ನಮ್ಮದು ಹೋಗಕಿಲ್ಲ. ಅಷ್ಟು ತಿಳ್ಕೊಂಡು ಕೊಡು.”

ಗುರುವಾರ ಪಿಚ್ಚರಿನ ಕೊನೆಯ ದಿನ. ಶುಕ್ರವಾರಕ್ಕೆ ಬೇರೆ ಊರಿಗೆ ಹೋಗುತ್ತದೆ, ಮತ್ತೆ ಬರುವುದು ಅನುಮಾನ. ಅವತ್ತು ನಾನು ಬೆಳಿಗ್ಗೆಯೇ ಟಾಕೀಸಿಗೆ ಹೋಗಿ ಮ್ಯಾಟಿನಿಗೆ ಒಂದು ಟಿಕೆಟ್ ತೆಗೆದುಕೊಂಡೆ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಚಿಕ್ಕವ್ವನ ಮನೆಗೆ ಹೋದೆ. ಕೊಡಬೇಕೆಂದು ತೆಗೆದುಕೊಂಡದ್ದಲ್ಲ. ಅದನ್ನು ಮುಂದೆ ಹಿಡಿದರೆ ಬಾಯಿ ಬಿಟ್ಟಾಳು ಎಂದು ತೆಗೆದುಕೊಂಡದ್ದು.

ಅವಳು ಗೋಡೆಗೊರಗಿ ಕೂತಿದ್ದಳು. ಆ ಒಂದು ವಾರದಲ್ಲಿ ಇಳಿದುಹೋಗಿದ್ದಳು. ನಾನು ಎದುರಿಗೆ ಕೂತು ಟಿಕೆಟ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ.

“ಹೊನ್ನಿ ಏನಂದ್ಲು ಹೇಳು. ಇದು ನಿಂದು.”

ಅವಳು ಟಿಕೆಟ್ಟನ್ನೇ ನೋಡಿದಳು. “ಹೇಳಿದ್ ಮ್ಯಾಲೆ ನೀ ಕೊಡಕಿಲ್ಲ.”

“ಕೊಡ್ತೀನಿ. ಹೊನ್ನಿ ಮೇಲಾಣೆ.”

“ಕೊಡಕಿಲ್ಲ ಕಣೆ. ಕೇಳಿದ್ರೆ ಯಾರೂ ಕೊಡಕಿಲ್ಲ.” ಟಿಕೆಟ್ಟಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. “ಇಷ್ಟು ವರ್ಸ ಯಾಕೆ ಹೇಳ್ನಿಲ್ಲ ಗೊತ್ತಾ? ಹೇಳ್ಬುಟ್ಟಿದ್ರೆ ನೀ ಮಾರ್ನೇ ದಿನದಿಂದ ಬತ್ತಿದ್ದ್ಯಾ? ಈ ಓಣಿಗೆ ಬರೋರು ನಿನ್ನ ಬುಟ್ಟು ಯಾರವ್ರೆ?”

ನಾನು ಅವಳನ್ನು ಡಬ್ಬಿಯಿಂದ ಕಟ್ಟಿಹಾಕಿದ್ದೇನೆ ಎಂದುಕೊಂಡಿದ್ದೆ. ಅವಳೂ ನನ್ನನ್ನು ಹಾಗೇ ಕಟ್ಟಿಹಾಕಿದ್ದಳು.

“ಒಂದೊಂದ್ಸಲ ತಪ್ಪಾಯ್ತು ಅನ್ನಕೆ ನೋಡ್ತೀನಿ” ಎಂದಳು. “ಬರಕಿಲ್ಲ. ಬಾಯಿ ತೆರೆದ್ರೆ ಬೈಗಳೇ ಬತ್ತದೆ. ಕಥೆ ಹಂಗೆ ಮಾಡಿಟ್ಟದೆ ನನ್ನ.”

ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದಳು. ಎರಡನೆಯ ದಿನ ಮಧ್ಯಾಹ್ನ ಒಳಗಿನಿಂದ ಬಡಿಯುವ ಸದ್ದು ನಿಂತಿತಂತೆ. ಎಲ್ಲಾ ಮುಗಿಯಿತು ಎಂದುಕೊಂಡು ಏಳಲು ಹೋದಾಗ ಹೊನ್ನಿಯ ದನಿ ಕೇಳಿತಂತೆ. ಕೂಗಿದ್ದಲ್ಲ, ಚಪ್ಪಡಿಗೆ ಬಾಯಿ ಹಚ್ಚಿ ಮಾತಾಡಿದಂತಿತ್ತಂತೆ. ನನ್ನ ಮೈಮೇಲೆ ಹತ್ತಿ ನಿಂತಿದ್ದಳೋ ಏನೋ, ಇಲ್ಲದಿದ್ದರೆ ಅವಳಿಗೆ ಅಷ್ಟೆತ್ತರ ಎಟುಕುತ್ತಿರಲಿಲ್ಲ.

“ಅವ್ವಾ ಅಂದ್ಲು. ಚಿಕ್ಕವ್ವ ಅನ್ನನಿಲ್ಲ, ಅವ್ವಾ ಅಂದ್ಲು. ಅವ್ವಾ, ಅಕ್ಕ ಮಾತಾಡ್ತಿಲ್ಲ. ಅಕ್ಕನ್ನ ಮೊದಲು ಎತ್ತು. ನಾನು ಆಮ್ಯಾಕೆ ಬತ್ತೀನಿ ಅಂದ್ಲು.”

“ನೀನು?”

“ಸರಿದು ಕುಂತ್ಕಂಡೆ. ಕಲ್ಲಿನ ಮ್ಯಾಲೇ. ಇನ್ನೊಂದು ಸಲ ಅಂದ್ಲು. ಆಮ್ಯಾಕೆ ಅನ್ನನಿಲ್ಲ.”

ನಾನು ಅಳಲಿಲ್ಲ. ಇಪ್ಪತ್ತಾರು ವರ್ಷ ನಾನು ಏನೇನೋ ಊಹಿಸಿದ್ದೆ. ಹೊನ್ನಿ ನನ್ನನ್ನು ಬೈದಿರಬಹುದು, ಹೆದರಿ ಕಿರುಚಿರಬಹುದು, ನೀರು ಕೇಳಿರಬಹುದು. ತನಗಾಗಿ ಏನೂ ಕೇಳಲಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಆರು ವರ್ಷದ ಮಗು ಅದು. ಎದುರಿಗಿದ್ದ ಮುದುಕಿಯ ಕುತ್ತಿಗೆ ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು, ಅದನ್ನು ಎಷ್ಟು ಹೊತ್ತು ನೋಡಿದೆನೋ ಲೆಕ್ಕವಿಲ್ಲ. ಅವಳೂ ಸರಿದು ಕೂರಲಿಲ್ಲ.

ಕೊನೆಗೆ ನಾನು ಎದ್ದೆ. “ಏಳು. ಹೊತ್ತಾಯ್ತು” ಎಂದೆ.

ದಯೆಯಿಂದ ಎದ್ದೆ ಎಂದರೆ ನಂಬಬೇಡಿ. ಆಣೆ ಇಟ್ಟಿದ್ದೆ, ಅದೂ ಹೊನ್ನಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ಮಾತನ್ನು ಕೇಳಿಯೂ ಕಲ್ಲಿನ ಮೇಲೆ ಕೂತಿದ್ದ ಆ ಮುಖವನ್ನು ಇನ್ನೊಂದು ದಿನ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಡಬ್ಬಿ ಕೊಡಲು ಬರದಿದ್ದರೆ ಅವಳು ಸಾಯುತ್ತಿದ್ದಳು, ಬಂದರೆ ನಾನು ಸಾಯುತ್ತಿದ್ದೆ. ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಎಷ್ಟು ಹಗುರವಾಗಿದ್ದಳು! ಬಿಸಿಲಿನಲ್ಲಿ ಇಬ್ಬರೂ ಮಾತಿಲ್ಲದೆ ನಡೆದೆವು. ಅಂಗಡಿಯವರೆಲ್ಲ ಎದ್ದು ಬಾಗಿಲಿಗೆ ಬಂದು ನೋಡಿದರು.

ಗೇಟಿನಲ್ಲಿ ಸಿದ್ದಲಿಂಗಪ್ಪ ಟಿಕೆಟ್ ಹಿಡಿದು, ಅವಳನ್ನೂ ನನ್ನನ್ನೂ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೂ ಕಥೆ ಗೊತ್ತಿತ್ತು.

“ಯಾರ ಕೈಯಿಂದ?” ಎಂದ.

ಚಿಕ್ಕವ್ವ ನನ್ನ ಕಡೆ ತಿರುಗಲಿಲ್ಲ, ನೆಲ ನೋಡುತ್ತಿದ್ದಳು.

“ನನ್ನ ಕೈಯಿಂದ” ಎಂದೆ.

ಅವಳು ಒಳಗೆ ಹೋದಳು. ನಾನು ಹೋಗಲಿಲ್ಲ. ಹೋಗಿದ್ದರೆ ನಾನೂ ಪಿಚ್ಚರಿನ ಚೆನ್ನಿಯಾಗಿಬಿಡುತ್ತಿದ್ದೆ, ತಾಯಿಯ ಮಡಿಲಿನ ಒಬ್ಬಳೇ ಮಗಳು. ನೋವೂ ಇರುತ್ತಿರಲಿಲ್ಲ, ಹೊನ್ನಿಯೂ ಇರುತ್ತಿರಲಿಲ್ಲ. ಟಾಕೀಸಿನ ಹೊರಗೆ ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಕೂತು, ಹೊನ್ನಿಯ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡೆ. ಒಂದು ಅಕ್ಷರವೂ ಹೆಚ್ಚುಕಡಿಮೆ ಆಗದ ಹಾಗೆ. ಇನ್ನು ಮೇಲೆ ಮರೆತರೆ ಕೇಳಲು ಯಾರೂ ಇರುವುದಿಲ್ಲ. ಒಳಗಿನಿಂದ ಪಿಚ್ಚರಿನ ಹಾಡು, ಅಳು, ಚಪ್ಪಾಳೆ ಎಲ್ಲ ಕೇಳಿಸುತ್ತಿತ್ತು. ಒಂದು ಸಲ ಚಪ್ಪಾಳೆ ಜೋರಾದಾಗ ಚಪ್ಪಡಿ ತೆಗೆದಳು ಎಂದುಕೊಂಡೆ.

ಹೊರಗೆ ಬಂದವಳು ವಾರಿಜ. ಬೆನ್ನು ನೆಟ್ಟಗಾಗಿತ್ತು. ಕಣ್ಣು ಅತ್ತು ಕೆಂಪಾಗಿತ್ತು. ಜನರ ನಡುವೆ ನನ್ನನ್ನು ಹುಡುಕಿ ಓಡಿಬಂದು, ಎರಡೂ ಕೈಗಳಿಂದ ನನ್ನ ಮುಖ ಹಿಡಿದುಕೊಂಡಳು. “ಮಗಳೇ! ಎಷ್ಟು ಹೊತ್ತಿನಿಂದ ಬಿಸಿಲಲ್ಲಿ ಕೂತಿದ್ದೀಯಾ ಕಂದಾ!” ಎಂದಳು. ಪಿಚ್ಚರಿನ ಕನ್ನಡ. ಸುತ್ತ ನಿಂತವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ತೋಳಿನ ಬರೆಯ ಗುರುತುಗಳನ್ನು ಕಂಡು, “ಇದೇನಮ್ಮಾ, ಹೀಗೆ ಸುಟ್ಟುಕೊಂಡಿದ್ದೀಯಾ? ಒಲೆಯ ಹತ್ತಿರ ಎಚ್ಚರವಾಗಿರಬಾರದೇ?” ಎಂದು ಊದಿದಳು. ನಾನು ಮಗುವಾಗಿದ್ದಾಗಿನ ಗಾಯವನ್ನು ಊದಿದಳು. ಆಗ ನನಗೆ ಅಳು ಬಂತು. ಯಾವುದಕ್ಕೆ ಬಂತೋ ಗೊತ್ತಿಲ್ಲ, ನಿಲ್ಲಿಸಲು ಬಹಳ ಹೊತ್ತಾಯಿತು.

ವಾರಿಜ ಒಳ್ಳೆಯವಳು. ಅವಳ ಬಗ್ಗೆ ಯಾರೂ ಒಂದು ಕೆಟ್ಟ ಮಾತು ಆಡುವಂತಿಲ್ಲ. ಮನೆಯ ಗೋಡೆಗೆ ತಾನೇ ಸುಣ್ಣ ಬಳಿದಳು. ಇಷ್ಟು ಕೊಳೆ ಯಾರು ಮಾಡಿಟ್ಟರೋ ಎಂದು ಬೈದುಕೊಂಡಳಂತೆ. ಈಗ ಡಬ್ಬಿ ತರುವವಳು ಅವಳು. ಮಧ್ಯಾಹ್ನ ಗಿರಣಿಗೆ ಬಂದು, ನಾನು ಉಣ್ಣುವ ತನಕ ಎದುರಿಗೆ ಕೂತು, ಇನ್ನೊಂದು ತುತ್ತು ಎನ್ನುತ್ತಾಳೆ. ನಾನು ಅಮ್ಮ ಎಂದು ಕರೆಯಲಿ ಎಂದು ಅವಳಿಗೆ ಆಸೆ. ಕರೆಯಲು ನೋಡಿದೆ. ನನ್ನ ಬಾಯಿಗೆ ಅದು ಬರಲಿಲ್ಲ, ಕಥೆ ನನ್ನನ್ನೂ ಹಾಗೆ ಮಾಡಿಟ್ಟಿದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ.

ತಿಂಗಳ ಮೇಲೆ ಒಂದು ದಿನ ಅವಳು ಗಿರಣಿಗೆ ಬಂದು ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. “ಹೊನ್ನಿ ಅಂತ ಯಾರಾದರೂ ಗೊತ್ತಾ ನಿಂಗೆ?” ಎಂದು ಕೇಳಿದೆ.

“ಯಾರು ಮಗಳೇ ಅದು? ನಿನ್ನ ಗೆಳತಿಯೇ?”

“ಒಂದು ಮಗು. ಯಾರದೋ ಮನೇದು.”

“ಹೇಳು, ಕೇಳೋಣ” ಎಂದು ಮೊರ ಪಕ್ಕಕ್ಕಿಟ್ಟಳು.

ನಾನು ಹೇಳಿದೆ. ಬೇರೆ ಯಾವುದೋ ಊರಿನಲ್ಲಿ ನಡೆದದ್ದು ಎಂದು ಹೇಳಿದೆ. ಬಿದ್ದ ಹಲ್ಲು, ಲಂಗದ ಗಂಟು, ಇರುವೆ ಎಲ್ಲ ಹೇಳಿದಾಗ ಅವಳು ನಕ್ಕಳು. ಹಗೇವು ಬಂದಾಗ ನಗು ನಿಂತಿತು. ಅಕ್ಕನ್ನ ಮೊದಲು ಎತ್ತು ಎನ್ನುವ ಮಾತನ್ನು ಒಂದು ಅಕ್ಷರ ಬಿಡದೆ ಹೇಳಿದೆ. ವಾರಿಜ ಎದೆ ಹಿಡಿದುಕೊಂಡು ಅಳತೊಡಗಿದಳು. “ಅಯ್ಯೋ ನನ್ನ ಕಂದಾ, ಅಯ್ಯೋ ನನ್ನ ಕಂದಾ” ಎಂದು, ಆ ಮಗು ಅಲ್ಲೇ ಮುಂದೆ ಮಲಗಿದೆಯೋ ಎನ್ನುವಂತೆ ಅತ್ತಳು.

“ಅದನ್ನು ಕೇಳಿಯೂ ಅವಳು ಕಲ್ಲು ತೆಗೆಯಲಿಲ್ಲವೇ?” ಎಂದಳು.

“ತೆಗೆಯಲಿಲ್ಲ.”

“ಅವಳ ಕೈಗೆ ಹುಳ ಬೀಳಲಿಲ್ಲವೇ? ಆಮೇಲೆ ಏನಾದಳು ಆ ಪಾಪಿ?”

“ಇದ್ದಳು. ಮೊನ್ನೆ ಮೊನ್ನೆಯವರೆಗೂ ಇದ್ದಳು.”

“ಬದುಕಿ ಉಳಿದ ಆ ಅಕ್ಕ ಅವಳನ್ನು ಏನೂ ಮಾಡಲಿಲ್ಲವೇ?”

“ದಿನಾ ಊಟ ಕೊಡುತ್ತಿದ್ದಳು” ಎಂದೆ.

ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ಇದ್ದ ಸಿಟ್ಟನ್ನು ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ. ಅದು ತಾಯಿಯ ಸಿಟ್ಟು.

“ಊಟ ಕೊಟ್ಟಳೇ? ತಂಗಿಯನ್ನು ಕೊಂದವಳಿಗೆ?” ಎಂದಳು. “ಅವಳೆಂಥ ಅಕ್ಕ ಚೆನ್ನಿ!”

ಅವಳು ಮತ್ತೆ ಮುಖ ಮುಚ್ಚಿಕೊಂಡು ಅಳತೊಡಗಿದಳು. ಹೊನ್ನಿಗಾಗಿ ನನ್ನನ್ನು ಬಿಟ್ಟು ಇನ್ನೊಂದು ಜೀವ ಅತ್ತದ್ದು ಅದೇ ಮೊದಲು. ನಾನು ಗಿರಣಿ ನಿಲ್ಲಿಸಿ, ಅವಳ ಪಕ್ಕದಲ್ಲಿ ಕೂತು, ಅವಳು ಅತ್ತು ಮುಗಿಸುವ ತನಕ ಕಾದೆ.